ತಟ್ಟೆಯಿಂದ ಬಿಡುಗಡೆಗೊಂಡ ನಾದ

ಧ್ವನಿಯೆಂಬುದು ಗಾಳಿಯ ಒತ್ತಡದಲ್ಲಿ ಕ್ಷಣಕ್ಷಣಕ್ಕೂ ಆಗುವ ಏರಿಳಿತ. ಈ ಏರಿಳಿತವನ್ನು ಹಿಡಿದಿಟ್ಟು ಬೇಕೆಂದಾಗ ಮತ್ತೆ ಕೇಳಿಸುವ ವಿದ್ಯೆ 1877ರಲ್ಲಿ ಥಾಮಸ್ ಎಡಿಸನ್ ರೂಪಿಸಿದ ಫೋನೋಗ್ರಾಫ್ ಯಂತ್ರದೊಂದಿಗೆ ಮನುಷ್ಯನ ಕೈಗೆ ಬಂತು. ಹತ್ತು ವರ್ಷಗಳ ಬಳಿಕ ಎಮಿಲ್ ಬರ್ಲಿನರ್ ಉರುಳೆಯನ್ನು ಬಿಟ್ಟು ಚಪ್ಪಟೆ ತಟ್ಟೆಯನ್ನು ರೂಪಿಸಿದ ಮೇಲೆ ಸಂಗೀತವು ಸಾವಿರಗಟ್ಟಲೆ ಪ್ರತಿಗಳಲ್ಲಿ ಅಚ್ಚಾಗಿ ಮನೆಮನೆಗೆ ಹೋಗುವ ಸರಕಾಯಿತು. ಅಲ್ಲಿಂದ ಮುಂದೆ ಸುಮಾರು ಒಂದು ಶತಮಾನದವರೆಗೆ ನಾದದ ಗುಣವು ಅದನ್ನು ಹೊತ್ತ ವಸ್ತುವಿನ ಗುಣಕ್ಕೆ ಕಟ್ಟುಬಿದ್ದಿತ್ತು. ಗಾಳಿಯ ಒತ್ತಡ ಹೇಗೆ ಬದಲಾಗಿತ್ತೋ ತಟ್ಟೆಯ ಗೀರು ಹಾಗೆಯೇ ಬಾಗಿ ಬಳುಕುತ್ತದೆ. ಹೀಗೆ ಒಂದು ಭೌತಿಕ ಪರಿಮಾಣವು ಇನ್ನೊಂದರ ತದ್ರೂಪವಾಗಿ ನಿಲ್ಲುವ ಕ್ರಮಕ್ಕೆ ಅನಲಾಗ್ ಎಂದು ಹೆಸರು. ಈ ಕ್ರಮದಲ್ಲಿ ವಸ್ತುವಿಗೆ ಆದದ್ದೆಲ್ಲ ಸಂಗೀತಕ್ಕೂ ಆಗುತ್ತದೆ: ತಟ್ಟೆ ಸವೆದರೆ ಹಾಡೂ ಸವೆಯುತ್ತದೆ, ಧ್ವನಿಮುದ್ರಣದ ಕಾಂತೀಯ ಪಟ್ಟಿ ಹಿಗ್ಗಿದರೆ ಶ್ರುತಿ ತಗ್ಗುತ್ತದೆ. ಈ ಕಟ್ಟು ಕಳಚಿದ್ದು ಹೇಗೆ, ಕಳಚಿದ ಮೇಲೆ ಶ್ರವಣದ ಗುಣಮಟ್ಟ ಎಲ್ಲಿ ಹೋಗಿ ನೆಲೆಸಿತು ಎಂಬುದು ಈ ಅಧ್ಯಾಯದ ವಿಷಯ.

ವಸ್ತುವಿನ ಮಿತಿಯು ಸಂಗೀತದ ಆಕಾರವನ್ನೇ ಬದಲಿಸಬಲ್ಲದೆಂಬುದಕ್ಕೆ ಭಾರತದ ಮೊದಲ ಗ್ರಾಮಫೋನ್ ಧ್ವನಿಮುದ್ರಣಗಳೇ ಸಾಕ್ಷಿ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದಷ್ಟು ಸಂಗೀತ ಮಾತ್ರ. ಗಂಟೆಗಟ್ಟಲೆ ಅರಳಬೇಕಾದ ಖಯಾಲ್ ಆ ಮೂರು ನಿಮಿಷದೊಳಗೆ ತನ್ನನ್ನು ಮಡಿಚಿಕೊಳ್ಳಬೇಕಾಯಿತು. ಆ ಕಾಲದ ತಟ್ಟೆಗಳಿಗೆ ಬೇಕಾದ ಅರಗು ಬಹುಪಾಲು ಭಾರತದ ಕಾಡುಗಳಿಂದಲೇ ಬರುತ್ತಿತ್ತು. ಅರಗಿನೊಂದಿಗೆ ಕಲ್ಲಿನ ಪುಡಿಯಂಥ ಗಡಸು ಪದಾರ್ಥವನ್ನು ಬೆರೆಸಿ ಮಾಡಿದ ಈ ತಟ್ಟೆ ಉಕ್ಕಿನ ಮುಳ್ಳಿನ ಭಾರವನ್ನು ತಾಳಿಕೊಳ್ಳುತ್ತಿತ್ತಾದರೂ, ಆ ಗಡಸು ಮೇಲ್ಮೈಯ ಕರಕರ ಸದ್ದು ಹಾಡಿನ ಉದ್ದಕ್ಕೂ ಬಿಡದೆ ಕೇಳುತ್ತಿತ್ತು. ಮೈಸೂರು ಆಸ್ಥಾನದ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಕಂಠವನ್ನು ಇಂದಿನವರು ತಿಳಿದಿರುವುದು ಆ ಸದ್ದಿನ ಪರದೆಯ ಮೂಲಕವೇ.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ಹೊರತಂದ ಎಲ್‌ಪಿ ತಟ್ಟೆಯು ಅರಗನ್ನು ಬಿಟ್ಟು ವಿನೈಲ್ ಎಂಬ ನಯವಾದ ಪ್ಲಾಸ್ಟಿಕ್ಕನ್ನು ಬಳಸಿತು, ನಿಮಿಷಕ್ಕೆ 78 ಸುತ್ತುಗಳ ಬದಲು ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗಿತು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತವನ್ನು ಹೊತ್ತಿತು. ಆದರೂ ಅದರ ಭೌತಶಾಸ್ತ್ರದಲ್ಲಿ ತಪ್ಪಿಸಿಕೊಳ್ಳಲಾಗದ ತೊಡಕುಗಳಿವೆ. ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೀರು ಹಾದುಹೋದರೆ, ಒಳ ಅಂಚಿನಲ್ಲಿ ಹಾದುಹೋಗುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ತಾರಕದ ಸೂಕ್ಷ್ಮ ಅಲೆಗಳು ತಟ್ಟೆಯ ಕೊನೆಯ ಹಾಡಿನಲ್ಲಿ ಇಕ್ಕಟ್ಟಾಗಿ ಮುಳ್ಳಿನ ಹಿಡಿತಕ್ಕೆ ಸರಿಯಾಗಿ ಸಿಗುವುದಿಲ್ಲ. ಮಂದ್ರದ ಸ್ವರಗಳನ್ನು ಇದ್ದ ಹಾಗೆಯೇ ಕೊರೆದರೆ ಗೀರು ಪಕ್ಕದ ಗೀರಿಗೆ ನುಗ್ಗಿಬಿಡುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸಿ, ಕೇಳಿಸುವಾಗ ಅದರ ವಿರುದ್ಧ ಕ್ರಮದಲ್ಲಿ ಸರಿಪಡಿಸುವ ಒಂದು ಸರ್ವಸಮ್ಮತ ಲೆಕ್ಕ 1950ರ ದಶಕದಲ್ಲಿ ಜಾರಿಗೆ ಬಂತು. ಇನ್ನು ತಟ್ಟೆಯ ನಡುವಿನ ರಂಧ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ಪ್ರತಿ ಸುತ್ತಿಗೊಮ್ಮೆ ಶ್ರುತಿ ಮೇಲೆ ಕೆಳಗೆ ತೂಗುತ್ತದೆ. ಪಾಶ್ಚಾತ್ಯ ವಾದ್ಯವೃಂದದ ಗದ್ದಲದಲ್ಲಿ ಈ ತೂಗಾಟ ಮುಚ್ಚಿಹೋಗಬಹುದು, ಆದರೆ ತಂಬೂರಿಯ ಅಚಲ ನಾದವನ್ನೇ ನೆಲೆಯಾಗಿ ಹೊಂದಿರುವ ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತದಲ್ಲಿ ಅದು ಕೂಡಲೇ ಬಯಲಿಗೆ ಬೀಳುತ್ತದೆ.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್, ಕನ್ನಡದಲ್ಲಿ ಧ್ವನಿಸುರುಳಿ, ಗುಣದಲ್ಲಿ ಎಲ್‌ಪಿಗಿಂತ ಕೆಳಗಿದ್ದರೂ ಹರಡುವ ಶಕ್ತಿಯಲ್ಲಿ ಅದಕ್ಕಿಂತ ಬಹಳ ಮುಂದಿತ್ತು. ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಪಟ್ಟಿಯ ಮೇಲೆ ಎರಡು ಮಗ್ಗುಲಿನ ಎಡ-ಬಲ ಧ್ವನಿಗಳೆಂದು ನಾಲ್ಕು ಜಾಡುಗಳು ಓಡುತ್ತವೆ. ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಸಾಗುವ ಆ ಪಟ್ಟಿಯಲ್ಲಿ ತಾರಕದ ಒಂದೊಂದು ಅಲೆಗೆ ದೊರೆಯುವ ಜಾಗ ಕೆಲವೇ ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಕಾಂತೀಯ ಕಣಗಳ ಸಹಜ ಅಸ್ತವ್ಯಸ್ತತೆಯಿಂದ ಹುಟ್ಟುವ ಸುಯ್ ಎಂಬ ಸದ್ದು ಅದರ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಆ ಸದ್ದು ಸೇರುತ್ತ ಹೋಗಿ, ಮೂರನೆಯ ನಾಲ್ಕನೆಯ ತಲೆಮಾರಿಗೆ ಹಾಡು ಮಂಕಾಗುತ್ತದೆ. ಆದರೂ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಿದ್ದ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದ ಮೇಲೆ ಭಾವಗೀತೆ ಊರೂರಿಗೆ ತಲುಪಿದ್ದು ಈ ಅಗ್ಗದ ಪಟ್ಟಿಯಿಂದಲೇ. ಯಕ್ಷಗಾನದ ಪ್ರಸಂಗಗಳು, ಹರಿಕಥೆಗಳು, ದಾಸರ ಪದಗಳು ಸಾಮಾನ್ಯರ ಮನೆಯ ಕಪಾಟನ್ನು ಸೇರಿದ್ದೂ ಇದರಿಂದಲೇ. ಗುಣಮಟ್ಟದ ಚರಿತ್ರೆ ಬರೆಯುವವರು ಇದನ್ನು ಮರೆತರೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ.

ಕಟ್ಟನ್ನು ಕಳಚಿದ ಆಲೋಚನೆ ಗಣಿತದ್ದು. ಧ್ವನಿಯ ಅಲೆಯನ್ನು ಅಖಂಡವಾಗಿ ನಕಲು ಮಾಡುವ ಬದಲು, ಸಮಾನ ಅಂತರದ ಕ್ಷಣಗಳಲ್ಲಿ ಅದರ ಎತ್ತರವನ್ನು ಅಳೆದು ಅಂಕಿಗಳಾಗಿ ಬರೆದಿಟ್ಟರೆ ಸಾಕು ಎಂಬುದು ಆ ಆಲೋಚನೆಯ ತಿರುಳು. ಹೀಗೆ ಅಳೆದ ಒಂದೊಂದು ಎತ್ತರಕ್ಕೂ ಸ್ಯಾಂಪಲ್ ಅಥವಾ ಮಾದರಿ ಎನ್ನುತ್ತಾರೆ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶದ ಸಂದರ್ಭದಲ್ಲಿ ಸೂಚಿಸಿದ್ದನ್ನು, ರಷ್ಯದಲ್ಲಿ ಕೊಟೆಲ್ನಿಕೊವ್ 1933ರಲ್ಲಿ ನಿರೂಪಿಸಿದ್ದನ್ನು, ಕ್ಲಾಡ್ ಶಾನನ್ 1949ರಲ್ಲಿ ಪ್ರಮೇಯದ ರೂಪದಲ್ಲಿ ಸ್ಥಾಪಿಸಿದರು: ಒಂದು ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಪ್ರತಿ ಸೆಕೆಂಡಿಗೆ ಅದನ್ನು ಅಳೆದರೆ, ಆ ಮಾದರಿಗಳಿಂದ ಮೂಲ ಅಲೆಯನ್ನು ಯಾವ ಅಂಶವೂ ತಪ್ಪದಂತೆ ಮರಳಿ ಪಡೆಯಬಹುದು. ಹೀಗೆ ಅಂಕಿಗಳ ರೂಪ ತಾಳಿದ ಡಿಜಿಟಲ್ ಧ್ವನಿಯೆಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಅಲೆ, ಮೆಟ್ಟಿಲುಗಳ ನಡುವಿನ ಸಂಗೀತ ಕಳೆದುಹೋಗಿರುತ್ತದೆ ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಅದು ಪೂರ್ತಿ ತಪ್ಪು. ನಿಗದಿತ ಕಂಪನಾಂಕದ ಮಿತಿಯೊಳಗಿರುವ ಅಲೆಗಳಲ್ಲಿ ಆ ಎಲ್ಲ ಬಿಂದುಗಳನ್ನೂ ಹಾದುಹೋಗಬಲ್ಲದ್ದು ಒಂದೇ ಒಂದು. ಪರಿವರ್ತಕದ ಸೋಸುವ ಮಂಡಲವು ಮರುನಿರ್ಮಿಸುವುದು ಆ ನಯವಾದ ಅಲೆಯನ್ನೇ. ಬಿಂದುಗಳ ನಡುವೆ ಏನೂ ಕಳೆದುಹೋಗಿರುವುದಿಲ್ಲ, ಏಕೆಂದರೆ ಅಲ್ಲಿ ಬೇರೆ ಏನೂ ಇರಲು ಸಾಧ್ಯವಿಲ್ಲ.

ಎಳೆಯ, ಆರೋಗ್ಯವಂತ ಕಿವಿ ಕೇಳಬಲ್ಲ ಗರಿಷ್ಠ ಕಂಪನಾಂಕ ಸುಮಾರು 20,000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳು. ಆದ್ದರಿಂದ ಸೆಕೆಂಡಿಗೆ 40,000ಕ್ಕಿಂತ ಸ್ವಲ್ಪ ಹೆಚ್ಚು ಮಾದರಿಗಳು ಬೇಕು. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿಡಿ, 44,100 ಎಂಬ ವಿಚಿತ್ರವಾಗಿ ಕಾಣುವ ಸಂಖ್ಯೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸಂಗೀತವಲ್ಲ, ಟೆಲಿವಿಷನ್. ಆ ಕಾಲದಲ್ಲಿ ಇಷ್ಟೊಂದು ಅಂಕಿಗಳನ್ನು ತುಂಬಿಕೊಳ್ಳಬಲ್ಲ ಸುಲಭದ ಸಾಧನವೆಂದರೆ ವಿಡಿಯೋ ಟೇಪ್ ಯಂತ್ರ. ಅಮೆರಿಕ-ಜಪಾನಿನ ಕ್ರಮದ ಚಿತ್ರದಲ್ಲಿ ಬಳಸಬಹುದಾದ 245 ಗೆರೆಗಳಿಗೆ ತಲಾ ಮೂರು ಮಾದರಿಗಳಂತೆ ಸೆಕೆಂಡಿಗೆ 60 ಬಾರಿ ಬರೆದರೆ 44,100 ಆಗುತ್ತದೆ. ಯುರೋಪಿನ ಕ್ರಮದಲ್ಲಿ 294 ಗೆರೆ, ಮೂರು ಮಾದರಿ, 50 ಬಾರಿ ಎಂದು ಲೆಕ್ಕ ಹಾಕಿದರೂ ಅದೇ ಸಂಖ್ಯೆ ಬರುತ್ತದೆ. ಪ್ರತಿ ಮಾದರಿಯನ್ನೂ 16 ಬಿಟ್‌ಗಳಲ್ಲಿ, ಅಂದರೆ ಸೊನ್ನೆ-ಒಂದುಗಳ 16 ಸ್ಥಾನಗಳಲ್ಲಿ ಬರೆಯುವುದರಿಂದ 65,536 ಮಟ್ಟಗಳು ದೊರೆಯುತ್ತವೆ. ಒಂದೊಂದು ಬಿಟ್ಟೂ ಅತಿ ಮೆಲುದನಿ ಮತ್ತು ಅತಿ ಜೋರುದನಿಗಳ ನಡುವಿನ ಅಂತರಕ್ಕೆ ಸುಮಾರು 6 ಡೆಸಿಬೆಲ್ ಸೇರಿಸುತ್ತದೆ, ಹಾಗಾಗಿ ಸಿಡಿಯ ವ್ಯಾಪ್ತಿ 96 ಡೆಸಿಬೆಲ್‌ನಷ್ಟಾಗುತ್ತದೆ. ಒಳ್ಳೆಯ ಎಲ್‌ಪಿಗೂ ನಿಲುಕದ ವ್ಯಾಪ್ತಿ ಇದು. ಅಳತೆಯನ್ನು ಹತ್ತಿರದ ಮಟ್ಟಕ್ಕೆ ಸರಿದೂಗಿಸುವಾಗ ಉಳಿಯುವ ಚಿಕ್ಕ ದೋಷವು ಸಂಗೀತವನ್ನೇ ಅನುಸರಿಸಿ ಕರ್ಕಶವಾಗದಿರಲೆಂದು, ಅಳೆಯುವ ಮೊದಲು ಬೇಕೆಂದೇ ಅತ್ಯಲ್ಪ ಪ್ರಮಾಣದ ಯಾದೃಚ್ಛಿಕ ಸದ್ದನ್ನು ಬೆರೆಸುತ್ತಾರೆ. ಡಿದರ್ ಎಂದು ಕರೆಯುವ ಈ ಉಪಾಯದಿಂದ ದೋಷವು ವಿಕಾರದ ರೂಪ ಬಿಟ್ಟು ಕೇಳಿಯೂ ಕೇಳಿಸದ ಮೃದು ಸದ್ದಾಗಿ ಉಳಿಯುತ್ತದೆ.

1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿಡಿಯೂ ಒಂದು ತಟ್ಟೆಯೇ, ಆದರೆ ಅದರ ಮೇಲಿನ ಗುಳಿಗಳಿಗೂ ಧ್ವನಿಯ ಅಲೆಗೂ ರೂಪಸಾಮ್ಯವಿಲ್ಲ. ಲೇಸರ್ ಕಿರಣವು ಗುಳಿಯ ಅಂಚುಗಳನ್ನು ಗುರುತಿಸಿ ಸೊನ್ನೆ-ಒಂದುಗಳ ಸಾಲನ್ನಷ್ಟೇ ಓದುತ್ತದೆ. ಇದರ ಮಹತ್ವ ಪೂರ್ತಿಯಾಗಿ ತಿಳಿಯುವುದು ತಟ್ಟೆಗೆ ಗೀರು ಬಿದ್ದಾಗ. ಇರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಗಣಿತವನ್ನು ಆಧರಿಸಿ, ಸಂಗೀತದ ಅಂಕಿಗಳ ಜೊತೆಗೆ ಹೆಚ್ಚುವರಿ ತಾಳೆ ಅಂಕಿಗಳನ್ನೂ ಸೇರಿಸಿ, ಅಕ್ಕಪಕ್ಕದ ಅಂಕಿಗಳನ್ನು ತಟ್ಟೆಯ ಮೇಲೆ ಒಂದಕ್ಕೊಂದು ದೂರದಲ್ಲಿ ಚದುರಿಸಿ ಬರೆಯಲಾಗುತ್ತದೆ. ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಜಾಡು ಪೂರಾ ಅಳಿಸಿಹೋದರೂ ಉಳಿದ ಅಂಕಿಗಳಿಂದ ಕಳೆದುಹೋದದ್ದನ್ನು ಲೆಕ್ಕ ಹಾಕಿ ಯಥಾವತ್ತಾಗಿ ಪಡೆಯಬಹುದು. ವಸ್ತುವಿಗೆ ಗಾಯವಾಗಿದೆ, ಸಂಗೀತಕ್ಕೆ ಆಗಿಲ್ಲ. ಧ್ವನಿಮುದ್ರಣದ ಚರಿತ್ರೆಯಲ್ಲಿ ಇಂಥ ಸ್ಥಿತಿ ಹಿಂದೆಂದೂ ಇರಲಿಲ್ಲ. ಅಂಕಿಗಳಿಗೆ ಈ ತಟ್ಟೆಯೇ ಬೇಕೆಂದಿಲ್ಲ ಎಂಬ ಅರಿವೂ ಇದರ ಒಳಗೇ ಅಡಗಿತ್ತು, ಆದರೆ ಅದು ಬೆಳಕಿಗೆ ಬರಲು ಇನ್ನೂ ಒಂದು ದಶಕ ಬೇಕಾಯಿತು.

ವಿಳಂಬಕ್ಕೆ ಕಾರಣ ಗಾತ್ರ. ಎರಡು ವಾಹಿನಿ, 16 ಬಿಟ್, 44,100 ಮಾದರಿ ಎಂದು ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳು, ನಿಮಿಷಕ್ಕೆ ಹತ್ತು ಮೆಗಾಬೈಟಿಗೂ ಹೆಚ್ಚು. 1990ರ ದಶಕದ ಕೊನೆಯಲ್ಲಿ ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ ಗರಿಷ್ಠ 56,000 ಬಿಟ್ ತರುತ್ತಿದ್ದ ಮೋಡೆಮ್‌ನಲ್ಲಿ ನಾಲ್ಕು ನಿಮಿಷದ ಒಂದು ಹಾಡು ಇಳಿಯಬೇಕಾದರೆ ನೂರು ನಿಮಿಷ ಹಿಡಿಯುತ್ತಿತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಮುಖ್ಯ ಪಾತ್ರ ವಹಿಸಿ ರೂಪಿಸಿದ ಎಂಪಿ3 ಕ್ರಮ ಇದನ್ನು ಒಂಬತ್ತು ನಿಮಿಷಕ್ಕೆ ಇಳಿಸಿತು. ಜೋರಾದ ಒಂದು ಸ್ವರವು ತನ್ನ ಆಸುಪಾಸಿನ ಕಂಪನಾಂಕದ ಮೆಲುದನಿಗಳನ್ನು ಕಿವಿಗೆ ಕೇಳಿಸದಂತೆ ಮುಸುಕುತ್ತದೆ ಎಂಬ ಶ್ರವಣ ವಿಜ್ಞಾನದ ಸತ್ಯವೇ ಅದರ ಅಡಿಪಾಯ. ಹೀಗೆ ಮುಸುಕಿನೊಳಗೆ ಬೀಳುವುದನ್ನು ಒರಟಾಗಿ ಬರೆದು ಅಥವಾ ಬಿಟ್ಟೇಬಿಟ್ಟು ಅದು ಗಾತ್ರವನ್ನು ಹನ್ನೊಂದರ ಒಂದು ಭಾಗಕ್ಕೆ ತರುತ್ತದೆ. ಆದರೆ ಮೃದಂಗದ ಚಾಪಿನಂತೆ ನಿಶ್ಶಬ್ದದಿಂದ ಥಟ್ಟನೆ ಏಳುವ ಧ್ವನಿಯಲ್ಲಿ ಈ ಒರಟುತನವು ಹೊಡೆತಕ್ಕಿಂತ ಒಂದು ಕ್ಷಣ ಮೊದಲೇ ಮಸುಕು ಸದ್ದಾಗಿ ಹರಡಿಬಿಡುತ್ತದೆ. ತಜ್ಞರು ಇದನ್ನು ಪೂರ್ವಪ್ರತಿಧ್ವನಿ ಎನ್ನುತ್ತಾರೆ. ಬಿಟ್‌ಗಳ ಪ್ರಮಾಣ ಹೆಚ್ಚಿಸಿದರೆ ದೋಷ ಕುಗ್ಗುತ್ತದೆ, ಆದರೆ ಒಮ್ಮೆ ಬಿಟ್ಟದ್ದು ಮರಳಿ ಬರುವುದಿಲ್ಲ.

ಬಿಡದೆಯೇ ಅಡಕಗೊಳಿಸುವ ಹಾದಿಯನ್ನು ಜನಬಳಕೆಗೆ ತಂದದ್ದು ಜಾಶ್ ಕೋಲ್ಸನ್ 2000ದಲ್ಲಿ ಆರಂಭಿಸಿ ಮರುವರ್ಷ ಎಲ್ಲರಿಗೂ ಮುಕ್ತವಾಗಿ ಒದಗಿಸಿದ ಫ್ಲಾಕ್ ಎಂಬ ಕ್ರಮ. ಸಂಗೀತದ ಅಲೆ ಸಾಮಾನ್ಯವಾಗಿ ಹಠಾತ್ತನೆ ದಿಕ್ಕು ಬದಲಿಸುವುದಿಲ್ಲವಾದ್ದರಿಂದ ಹಿಂದಿನ ಕೆಲವು ಮಾದರಿಗಳನ್ನು ನೋಡಿ ಮುಂದಿನದನ್ನು ಊಹಿಸಬಹುದು. ಊಹೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸ ಚಿಕ್ಕದಾಗಿರುತ್ತದೆ, ಆ ಚಿಕ್ಕ ಅಂಕಿಯನ್ನಷ್ಟೇ ಬರೆದಿಟ್ಟರೆ ಕಡತದ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮರಳಿ ಬಿಚ್ಚಿದಾಗ ಮೂಲದ ಒಂದು ಬಿಟ್ಟೂ ಅತ್ತಿತ್ತ ಆಗಿರುವುದಿಲ್ಲ, ಆಗಿಲ್ಲವೆಂದು ಪರೀಕ್ಷಿಸಲು ಬೇಕಾದ ತಾಳೆ ಸಂಖ್ಯೆಯನ್ನೂ ಕಡತದೊಳಗೇ ಇಡಲಾಗಿರುತ್ತದೆ. ಹಾರ್ಡ್ ಡಿಸ್ಕುಗಳ ಬೆಲೆ ಇಳಿದು ಅಂತರ್ಜಾಲದ ವೇಗ ಏರಿದಂತೆ ಎಂಪಿ3ಯ ರಾಜಿ ಅನಗತ್ಯವಾಗತೊಡಗಿತು. ಆ್ಯಪಲ್ 2021ರಲ್ಲಿ ತನ್ನ ಸಂಗೀತ ಸೇವೆಯನ್ನು ನಷ್ಟರಹಿತ ರೂಪದಲ್ಲೂ ಒದಗಿಸಿತು, ಸ್ಪಾಟಿಫೈ 2025ರಲ್ಲಿ ಅದೇ ಹಾದಿ ಹಿಡಿಯಿತು. ಇಷ್ಟಾದರೂ ಬಹಳ ಮನೆಗಳಲ್ಲಿ ಆ ಸಂಗೀತ ಫೋನಿನಿಂದ ಸ್ಪೀಕರಿಗೆ ಬ್ಲೂಟೂತ್ ಮೂಲಕ ಸಾಗುವಾಗ ಮತ್ತೆ ನಷ್ಟಸಹಿತವಾಗಿಯೇ ಅಡಕಗೊಳ್ಳುತ್ತದೆ ಎಂಬುದನ್ನು ಕೇಳುಗರು ಗಮನಿಸಬೇಕು; ತಂತಿ ಅಥವಾ ಮನೆಯ ವೈಫೈ ಬಳಸಿದರೆ ಈ ನಷ್ಟವನ್ನು ತಪ್ಪಿಸಬಹುದು.

ತಟ್ಟೆಯಿಲ್ಲದ ಶ್ರವಣ ಗಂಭೀರ ಕೇಳುಗರ ಕೋಣೆಗೆ ಬಂದ ಬಗೆಯೂ ಕುತೂಹಲಕರವಾಗಿದೆ. ಅಮೆರಿಕದ ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಸಂಸ್ಥೆ 2001ರಲ್ಲಿಯೇ, ಕಂಪ್ಯೂಟರಿನಲ್ಲಿರುವ ಸಂಗೀತವನ್ನು ಮನೆಯ ಜಾಲದ ಮೂಲಕ ಹಜಾರದ ಆಂಪ್ಲಿಫೈಯರಿಗೆ ತಲುಪಿಸುವ ಪೆಟ್ಟಿಗೆಯನ್ನು ಮಾಡಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಬಳಿಯ ಲಿನ್ ಸಂಸ್ಥೆ ಹೆಸರು ಗಳಿಸಿದ್ದು 1970ರ ದಶಕದ ಎಲ್‌ಪಿ12 ಎಂಬ ತಟ್ಟೆ ತಿರುಗಿಸುವ ಯಂತ್ರದಿಂದ. ಅದೇ ಸಂಸ್ಥೆ 2007ರಲ್ಲಿ ಜಾಲದಿಂದ ಸಂಗೀತ ಪಡೆಯುವ ಉಪಕರಣವನ್ನು ತಂದು, 2009ರಲ್ಲಿ ಸಿಡಿ ಯಂತ್ರಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಎಲ್‌ಪಿ12ನ್ನು ಮಾತ್ರ ಅದು ಕೈಬಿಡಲಿಲ್ಲ. ಈ ನಿರ್ಧಾರದಲ್ಲಿ ತರ್ಕವಿದೆ. ಗೀರಿನಲ್ಲಿರುವ ಅನಲಾಗ್ ಸಂಗೀತಕ್ಕೆ ತಟ್ಟೆ ತಿರುಗಿಸುವ ಯಂತ್ರ ಬೇಕೇ ಬೇಕು. ಅಂಕಿಗಳಿಗೆ ತಿರುಗುವ ಯಂತ್ರದ ಅಗತ್ಯವೇ ಇಲ್ಲ. ಸಿಡಿ ಯಂತ್ರವು ಓಡುತ್ತಲೇ ಓದಬೇಕು, ಓದಲಾಗದ ಕಡೆ ಅಂದಾಜಿನಿಂದ ತುಂಬಬೇಕು. ಕಂಪ್ಯೂಟರಾದರೋ ಸಂದೇಹ ಬಂದ ಜಾಗವನ್ನು ಹತ್ತಾರು ಬಾರಿ ಓದಿ, ಸರಿಯೆಂದು ಖಚಿತವಾದ ಮೇಲೆ ಕಡತ ಮಾಡಿಕೊಳ್ಳಬಲ್ಲದು.

ಅಂಕಿಗಳನ್ನು ಮತ್ತೆ ಅಲೆಯಾಗಿಸುವ ಉಪಕರಣಕ್ಕೆ ಡಿಜಿಟಲ್-ಅನಲಾಗ್ ಪರಿವರ್ತಕ, ಬಳಕೆಯಲ್ಲಿ ಡ್ಯಾಕ್, ಎಂದು ಹೆಸರು. ಅಂಕಿಗಳು ಸರಿಯಿದ್ದರೆ ಸಾಲದು, ಅವು ಸರಿಯಾದ ಕ್ಷಣದಲ್ಲಿ ಅಲೆಯಾಗಬೇಕು. ಗಡಿಯಾರದ ಮಿಡಿತದಲ್ಲಿ ಆಗುವ ಸೂಕ್ಷ್ಮ ಹಿಂದುಮುಂದನ್ನು ಜಿಟರ್ ಎನ್ನುತ್ತಾರೆ. ಆರಂಭದ ಯುಎಸ್‌ಬಿ ಪರಿವರ್ತಕಗಳಲ್ಲಿ ನೂರು ಕೆಲಸಗಳಲ್ಲಿ ಮುಳುಗಿದ ಕಂಪ್ಯೂಟರಿನ ಮಿಡಿತವನ್ನೇ ಪರಿವರ್ತಕವೂ ಅನುಸರಿಸಬೇಕಿತ್ತು. ಮುಂದೆ ಬಳಕೆಗೆ ಬಂದ ಅಸಮಕಾಲಿಕ ಕ್ರಮದಲ್ಲಿ ಪರಿವರ್ತಕದೊಳಗಿನ ಸ್ಫಟಿಕದ ಗಡಿಯಾರವೇ ಯಜಮಾನ; ಬೇಕಾದಷ್ಟು ಅಂಕಿಗಳನ್ನು ಅದು ಕೇಳಿ ತರಿಸಿಕೊಂಡು, ಸಂಗ್ರಹದಲ್ಲಿಟ್ಟು, ತನ್ನ ಮಿಡಿತಕ್ಕೆ ತಕ್ಕಂತೆ ಬಿಡುಗಡೆ ಮಾಡುತ್ತದೆ. ಇದರಿಂದ ಒಂದು ತೀರ್ಮಾನ ಅನಿವಾರ್ಯವಾಗಿ ಹೊರಡುತ್ತದೆ: ಅಂಕಿಗಳು ಯಾವ ಕೇಬಲ್ಲಿನಲ್ಲಿ ಬಂದವು, ಯಾವ ಡಿಸ್ಕಿನಲ್ಲಿ ಕೂತಿದ್ದವು ಎಂಬುದು, ಅವು ತಪ್ಪಿಲ್ಲದೆ ಬಂದಿದ್ದರೆ, ಕಿವಿಗೆ ಮುಟ್ಟುವ ಸಂಗತಿಯಲ್ಲ. ಡಿಜಿಟಲ್ ಕೇಬಲ್ಲುಗಳಿಗೆ ಸಾವಿರಾರು ರೂಪಾಯಿ ಸುರಿಯುವ ಕೇಳುಗರು ಅನಲಾಗ್ ಕಾಲದ ನ್ಯಾಯವನ್ನು ಅದು ಸಲ್ಲದ ಕಡೆ ಅನ್ವಯಿಸುತ್ತಿದ್ದಾರೆ.

ಸಿಡಿಗಿಂತ ಹೆಚ್ಚಿನ ಸಾಂದ್ರತೆಯ ಧ್ವನಿ, ಅಂದರೆ 24 ಬಿಟ್‌ಗಳಲ್ಲಿ ಸೆಕೆಂಡಿಗೆ 96,000 ಅಥವಾ 1,92,000 ಮಾದರಿಗಳ ಕಡತ, ನಿಜಕ್ಕೂ ಉತ್ತಮವಾಗಿ ಕೇಳುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನ ಸಮಚಿತ್ತದಿಂದ ಉತ್ತರಿಸಿದೆ. ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧಿಕ ಸಾಂದ್ರತೆಯ ಸಂಗೀತವನ್ನು ನೇರವಾಗಿಯೂ ಸಿಡಿಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಕೇಳುಗರಿಗೆ ತಿಳಿಸದೆ ಪರೀಕ್ಷಿಸಿದಾಗ, 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ಇದು ನಾಣ್ಯ ಚಿಮ್ಮಿದಾಗ ಬರುವ ಫಲಕ್ಕಿಂತ ಭಿನ್ನವಲ್ಲ. ಲಂಡನ್ನಿನ ಜೋಶುವಾ ರೀಸ್ 2016ರಲ್ಲಿ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52ರ ಆಸುಪಾಸಿನಲ್ಲಿತ್ತು, ತರಬೇತಿ ಪಡೆದ ಕಿವಿಗಳಲ್ಲಿ ಇನ್ನಷ್ಟು ಹೆಚ್ಚಿತ್ತು. ವ್ಯತ್ಯಾಸ ಇದ್ದರೂ ಅದು ಗ್ರಹಿಕೆಯ ಅಂಚಿನಲ್ಲಿದೆ ಎಂದಾಯಿತು. ಮುದ್ರಿಸುವಾಗ ಮಾತ್ರ 24 ಬಿಟ್‌ಗೆ ನಿಜವಾದ ಬೆಲೆಯಿದೆ, ಏಕೆಂದರೆ ಕಲಾವಿದರು ಎಷ್ಟು ಜೋರಾಗಿ ಹಾಡಿಯಾರೆಂದು ಮುದ್ರಕರಿಗೆ ಮೊದಲೇ ತಿಳಿಯದು. ವಿಶಾಲ ವ್ಯಾಪ್ತಿಯಿದ್ದರೆ ಧಾರಾಳವಾಗಿ ಅಂಚು ಬಿಟ್ಟು ಮುದ್ರಿಸಬಹುದು.

ಹಾಗಾದರೆ ಎಲ್‌ಪಿಯೇ ಹೆಚ್ಚು ಇಂಪು ಎನ್ನುವ ಸಾವಿರಾರು ಕೇಳುಗರೆಲ್ಲ ಭ್ರಮೆಯಲ್ಲಿದ್ದಾರೆಯೇ? ಇಲ್ಲ, ಅವರು ಕೇಳುತ್ತಿರುವ ವ್ಯತ್ಯಾಸ ನಿಜವಾದದ್ದೇ, ಕಾರಣ ಮಾತ್ರ ಬೇರೆ. ಸಿಡಿಯ ಅಂಕಿಗಳಿಗೆ ದಾಟಲಾಗದ ಒಂದು ಮೇಲ್ಮಿತಿಯಿದೆ. 1990ರ ದಶಕದಿಂದ, ರೇಡಿಯೋದಲ್ಲಿ ತಮ್ಮ ಹಾಡೇ ಎದ್ದು ಕೇಳಬೇಕೆಂಬ ಹಂಬಲದಲ್ಲಿ ಕಂಪನಿಗಳು ಮೆಲುದನಿಗಳನ್ನೆಲ್ಲ ಆ ಮೇಲ್ಮಿತಿಯ ಹತ್ತಿರಕ್ಕೆ ಎತ್ತಿ, ಮೀರಿದ ಶಿಖರಗಳನ್ನು ತುಳಿದು ಚಪ್ಪಟೆ ಮಾಡಿದವು. 96 ಡೆಸಿಬೆಲ್ ವ್ಯಾಪ್ತಿಯ ಮಾಧ್ಯಮದಲ್ಲಿ ಕೆಲವೇ ಡೆಸಿಬೆಲ್ ಏರಿಳಿತದ ಸಂಗೀತ ತುಂಬಿತು. ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದಾಗ ಈ ತುಳಿತದ ವಿರುದ್ಧ ಅಭಿಮಾನಿಗಳೇ ದನಿಯೆತ್ತಿದರು. ವಿನೈಲ್ ಗೀರಿನಲ್ಲಿ ಇಂಥ ಆರ್ಭಟವನ್ನು ಕೊರೆಯುವುದು ಕಷ್ಟವಾದ್ದರಿಂದ ಎಲ್‌ಪಿಗೆ ಎಷ್ಟೋ ಬಾರಿ ತಯಾರಿಕೆಯ ಕೊನೆಯ ಹಂತದಲ್ಲಿ ಬೇರೆಯೇ, ಮೃದುವಾದ ಧ್ವನಿ ಸಂಸ್ಕಾರ ದೊರೆಯುತ್ತದೆ. ಕೇಳುಗರು ಮೆಚ್ಚಿದ್ದು ಆ ಸಂಸ್ಕಾರವನ್ನು, ವಿನೈಲನ್ನಲ್ಲ. ಕೇಳುವ ಜೋರನ್ನು ಕಿವಿಯ ಗ್ರಹಿಕೆಗೆ ಹೊಂದುವಂತೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂದು, ದೊಡ್ಡ ಸಂಗೀತ ಸೇವೆಗಳು ಎಲ್ಲ ಹಾಡುಗಳನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸತೊಡಗಿದ ಮೇಲೆ ಜೋರು ಮಾಡಿ ಗಳಿಸುವುದೇನೂ ಉಳಿಯಲಿಲ್ಲ. ಅಮೆರಿಕದಲ್ಲಿ 2020ರಲ್ಲಿ, 1980ರ ದಶಕದ ನಂತರ ಮೊದಲ ಬಾರಿಗೆ, ಎಲ್‌ಪಿಗಳ ಆದಾಯ ಸಿಡಿಗಳ ಆದಾಯವನ್ನು ಮೀರಿತು. ಕೈಯಲ್ಲಿ ಹಿಡಿಯಬಹುದಾದ ವಸ್ತುವಿನ ಪ್ರೀತಿಗೆ ಅದು ಸಾಕ್ಷಿಯೇ ಹೊರತು ಧ್ವನಿಯ ಶ್ರೇಷ್ಠತೆಗೆ ಪುರಾವೆಯಲ್ಲ.

ಮಾಧ್ಯಮದ ಮಿತಿ ಕಿವಿಯ ಮಿತಿಯನ್ನು ದಾಟಿದ ಮೇಲೆ ಗುಣಮಟ್ಟ ಎರಡು ತುದಿಗಳಿಗೆ ಸರಿದಿದೆ. ಒಂದು ತುದಿಯಲ್ಲಿ ಮುದ್ರಣ ಮತ್ತು ಅದರ ಸಂಸ್ಕಾರ, ಇನ್ನೊಂದು ತುದಿಯಲ್ಲಿ ಸ್ಪೀಕರು ಮತ್ತು ಕೋಣೆ. ಎರಡನೆಯದು ಕೇಳುಗರ ಕೈಯಲ್ಲಿರುವಂಥದ್ದು, ಮತ್ತು ಬಹುತೇಕ ಮನೆಗಳಲ್ಲಿ ಅತಿ ದೊಡ್ಡ ದೋಷ ಇರುವುದೂ ಅಲ್ಲಿಯೇ. ಮೂರೂವರೆ ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 49 ಹರ್ಟ್ಸ್ ಕಂಪನಾಂಕದ ಅಲೆಯ ಅರ್ಧವು ಎರಡು ಗೋಡೆಗಳ ನಡುವೆ ಸರಿಯಾಗಿ ಹಿಡಿದು ನಿಂತುಬಿಡುತ್ತದೆ. ಗೋಡೆಯ ಬಳಿ ಆ ಸ್ವರ ಭೋರ್ಗರೆಯುತ್ತದೆ, ನಡುಕೋಣೆಯಲ್ಲಿ ಕುಳಿತವರಿಗೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಈ ಏರುಪೇರು ಹತ್ತಾರು ಡೆಸಿಬೆಲ್‌ನಷ್ಟಾಗಬಹುದು. ಇದರ ಮುಂದೆ ಎರಡು ಒಳ್ಳೆಯ ಪರಿವರ್ತಕಗಳ ನಡುವಿನ ಅಂತರ ಲೆಕ್ಕಕ್ಕೇ ಬಾರದು. ಗ್ರಾನೈಟ್ ಅಥವಾ ಟೈಲ್ಸ್ ನೆಲ, ಗಾರೆಯ ಬರಿ ಗೋಡೆ, ಕಾಂಕ್ರೀಟ್ ಚಾವಣಿ ಇರುವ ಇಂದಿನ ನಗರದ ಮನೆಗಳಲ್ಲಿ ತಾರದ ಧ್ವನಿಗಳೂ ಗೋಡೆಯಿಂದ ಗೋಡೆಗೆ ಪುಟಿದು ಗಾಯಕರ ಸಾಹಿತ್ಯದ ಸ್ಪಷ್ಟತೆಯನ್ನೇ ಕೆಡಿಸುತ್ತವೆ. ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು, ನೆಲದ ಮೇಲೊಂದು ನವಲಗುಂದದ ಜಮಖಾನ ಇಷ್ಟಿದ್ದರೆ ಈ ಪುಟಿತ ಬಹಳಷ್ಟು ತಗ್ಗುತ್ತದೆ. ಮಂದ್ರಕ್ಕೆ ಜಮಖಾನ ಸಾಲದು. ಸ್ಪೀಕರನ್ನು ಮೂಲೆಯಿಂದ ಈಚೆಗೆ ಸರಿಸಬೇಕು, ಕೂರುವ ಜಾಗವನ್ನು ಬದಲಿಸಿ ನೋಡಬೇಕು, ಅಥವಾ ಮೈಕಿನಿಂದ ಕೋಣೆಯನ್ನು ಅಳೆದು ಅಂಕಿಗಳಲ್ಲೇ ತಿದ್ದುವ ತಂತ್ರಾಂಶದ ನೆರವು ಪಡೆಯಬೇಕು. ಸಂಗೀತ ಅಂಕಿಗಳ ರೂಪದಲ್ಲಿರುವುದರಿಂದಲೇ ಈ ತಿದ್ದುಪಡಿ ಇಷ್ಟು ಸುಲಭವಾಗಿದೆ.

ತಟ್ಟೆ ಮರೆಯಾದಾಗ ಕಳೆದುಹೋದದ್ದೂ ಇದೆ, ಅದನ್ನು ಮುಚ್ಚಿಡಬಾರದು. ಎಲ್‌ಪಿಯ ಹೊದಿಕೆಯ ಹಿಂಬದಿಯಲ್ಲಿ ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರು ಎಲ್ಲರ ಹೆಸರೂ ಇರುತ್ತಿತ್ತು. 1996ರಲ್ಲಿ ಎಂಪಿ3 ಕಡತಗಳಿಗೆ ಜೋಡಿಸಿದ ಮಾಹಿತಿ ಪಟ್ಟಿಯ ಒಟ್ಟು ಗಾತ್ರ 128 ಬೈಟ್, ಹಾಡಿನ ಹೆಸರಿಗೆ 30 ಅಕ್ಷರ. ಕನ್ನಡ ಲಿಪಿಗಂತೂ ಅಲ್ಲಿ ಅವಕಾಶವೇ ಇರಲಿಲ್ಲ. ಒಬ್ಬ ಕಲಾವಿದ, ಒಂದು ಆಲ್ಬಮ್, ಒಂದು ಹಾಡು ಎಂಬ ಪಾಶ್ಚಾತ್ಯ ಜನಪ್ರಿಯ ಸಂಗೀತದ ಚೌಕಟ್ಟಿನಲ್ಲಿ ಕಚೇರಿಯೊಂದನ್ನು ತುರುಕಿದಾಗ ಪಿಟೀಲಿನವರೂ ಮೃದಂಗದವರೂ ಹೊರಗೆ ಉಳಿದರು, ಇಂದಿಗೂ ಅನೇಕ ಸಂಗೀತ ಸೇವೆಗಳಲ್ಲಿ ಉಳಿದೇ ಇದ್ದಾರೆ. ಫ್ಲಾಕ್ ಕಡತದಲ್ಲಿ ಬೇಕಾದ ಅಂಕಣವನ್ನು ಸೇರಿಸಿ ಯಾವ ಲಿಪಿಯಲ್ಲಾದರೂ ತುಂಬಬಹುದಾದ್ದರಿಂದ ರಾಗ, ತಾಳ, ಪಕ್ಕವಾದ್ಯಗಳನ್ನು ಕನ್ನಡದಲ್ಲೇ ಬರೆದಿಡಲು ತಾಂತ್ರಿಕ ಅಡ್ಡಿಯಿಲ್ಲ. ಬರೆಯುವ ಶ್ರದ್ಧೆ ಮಾತ್ರ ಬೇಕು.

ಉಳಿಸಿಕೊಳ್ಳುವ ಹೊಣೆ ಇನ್ನೂ ದೊಡ್ಡದು. ಅಂಕಿಗಳು ಸವೆಯುವುದಿಲ್ಲ, ಆದರೆ ಒಂದೇ ಕ್ಷಣದಲ್ಲಿ ಪೂರ್ತಿ ಇಲ್ಲವಾಗಬಲ್ಲವು. ಮೈಸ್ಪೇಸ್ ಜಾಲತಾಣಕ್ಕೆ ಜನ ಹನ್ನೆರಡು ವರ್ಷ ಏರಿಸಿದ್ದ ಸಂಗೀತವು ಸರ್ವರ್ ಬದಲಿಸುವಾಗ ಅಳಿಸಿಹೋಯಿತೆಂದು 2019ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಚಂದಾ ಕಟ್ಟಿ ಕೇಳುವ ಸೇವೆಗಳಲ್ಲಿ ಕೇಳುಗರಿಗೆ ಒಡೆತನವಿಲ್ಲ, ಪರವಾನಗಿ ಮುಗಿದ ದಿನ ಹಾಡು ಪಟ್ಟಿಯಿಂದ ಮಾಯವಾಗುತ್ತದೆ. ಕಾಂತೀಯ ಪಟ್ಟಿಗಳ ಸ್ಥಿತಿಯಂತೂ ಇನ್ನೂ ಆತಂಕದ್ದು: ಅವುಗಳನ್ನು ಓದುವ ಯಂತ್ರಗಳೂ ಬಿಡಿಭಾಗಗಳೂ ಮರೆಯಾಗುತ್ತಿರುವುದರಿಂದ, ಡಿಜಿಟಲ್ ರೂಪಕ್ಕೆ ತರದೆ ಉಳಿದದ್ದು 2025ರ ಹೊತ್ತಿಗೆ ಬಹುಪಾಲು ಕೈತಪ್ಪೀತೆಂದು ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಎಚ್ಚರಿಸಿದ್ದವು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸವನ್ನು ವಿಕ್ರಮ್ ಸಂಪತ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕೈಗೆತ್ತಿಕೊಂಡಿತು. ಆದರೆ ಮನೆಯ ಕಪಾಟಿನಲ್ಲಿರುವ ಧ್ವನಿಸುರುಳಿಗಳು, ಅಂದರೆ ಊರಿನ ರಾಮೋತ್ಸವದ ಕಚೇರಿ, ಮೇಳದ ಇಡೀ ರಾತ್ರಿಯ ಆಟ, ಅಜ್ಜಿ ಹಾಡಿದ ಸಂಪ್ರದಾಯದ ಹಾಡು, ಯಾವ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ.

ಅವುಗಳ ಒಡೆಯರು ಈ ಪುಟವನ್ನು ಓದುತ್ತಿದ್ದರೆ ಕೆಲಸವನ್ನು ಮುಂದೂಡಬಾರದು. ಸುಸ್ಥಿತಿಯಲ್ಲಿರುವ ಯಂತ್ರದಲ್ಲಿ, ಓದುವ ತಲೆಯನ್ನು ಶುಚಿಗೊಳಿಸಿ, ಅದರ ಕೋನವನ್ನು ಪಟ್ಟಿಗೆ ಹೊಂದಿಸಿ, 24 ಬಿಟ್ ಮತ್ತು 96,000 ಮಾದರಿಗಳ ಮಟ್ಟದಲ್ಲಿ ಪ್ರತಿ ಮಾಡಿಕೊಂಡರೆ ಒಂದು ಗಂಟೆಯ ಸುರುಳಿಗೆ ಎರಡು ಗಿಗಾಬೈಟಿಗಿಂತ ತುಸು ಹೆಚ್ಚು ಜಾಗ ಸಾಕು. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಅಂಥ ನಾನೂರೈವತ್ತಕ್ಕೂ ಹೆಚ್ಚು ಸುರುಳಿಗಳು ಹಿಡಿಯುತ್ತವೆ. ಹಾಡಿದವರು, ನುಡಿಸಿದವರು, ಊರು, ವರ್ಷ, ರಾಗ, ಪ್ರಸಂಗ ಇವನ್ನು ಬಲ್ಲ ಹಿರಿಯರಿಂದ ಕೇಳಿ ಕಡತದೊಳಗೇ ಬರೆಯಬೇಕು, ಎರಡು ಬೇರೆ ಬೇರೆ ಮನೆಗಳಲ್ಲಿ ಎರಡು ಪ್ರತಿಗಳನ್ನಿಡಬೇಕು, ಮೂಲ ಸುರುಳಿಯನ್ನು ಎಸೆಯಬಾರದು. ಸುರುಳಿಯನ್ನು ಓದಬಲ್ಲ ಯಂತ್ರಗಳೂ ಅವುಗಳನ್ನು ರಿಪೇರಿ ಮಾಡಬಲ್ಲವರೂ ಇನ್ನೂ ಸಿಗುತ್ತಿರುವಾಗಲೇ ಇದು ಆಗಬೇಕು.